ಹನಿ ಹನಿಯಾಗಿ ಸೋರುವ ಲಾಭ: ಹಳೆಯ ವ್ಯಾನಿನ ಎಂಜಿನ್ ಮತ್ತು ಮಾಲೀಕರ ಹೊಣೆ

ಪೇಟೆಯ ಗೋದಾಮುಗಳ ಮುಂದೆ ಬೆಳಗಿನ ಹೊತ್ತು ಸಾಮಾನ್ಯವಾಗಿ ಕಾಣಸಿಗುವ ಒಂದು ದೃಶ್ಯವಿದೆ. ರಾತ್ರಿಯಿಡೀ ನಿಂತಿದ್ದ ಹಳೆಯ ವ್ಯಾನು ಮಾಲು ಹೇರಿಕೊಂಡು ಹೊರಟ ಮೇಲೆ, ಅದು ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ ಉಳಿಯುತ್ತದೆ. ಹಮಾಲರೊಬ್ಬರು ಅದರ ಮೇಲೆ ಒಂದು ಹಿಡಿ ಮರದ ಹೊಟ್ಟು ಎರಚುತ್ತಾರೆ. ಮಾಲೀಕರು ನೋಡಿಯೂ ನೋಡದಂತೆ ಒಳಗೆ ಹೋಗಿ ಕಿರ್ದಿ ಪುಸ್ತಕ ತೆರೆಯುತ್ತಾರೆ. ಹಿಂದಿನ ದಿನದ ನಗದು ಶಿಲ್ಕಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಅರ್ಧ ಗಂಟೆ ಹುಡುಕುವವರು, ಬಾಗಿಲ ಮುಂದೆ ಸೋರಿಹೋದ ಎಣ್ಣೆಯ ಲೆಕ್ಕವನ್ನು ಮಾತ್ರ ಕೇಳುವುದಿಲ್ಲ. "ಹಳೆಯ ಗಾಡಿ, ಸೋರುವುದು ಸಹಜ" ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ಈ ಮಾತು ಲೆಕ್ಕದ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ತಪ್ಪು. ಸೋರಿಕೆಗೆ ವಯಸ್ಸು ಕಾರಣವಲ್ಲ, ನಿರ್ಲಕ್ಷ್ಯ ಕಾರಣ. ಗಟ್ಟಿಯಾದ ರಬ್ಬರ್, ಹಳತಾದ ಪ್ಯಾಕಿಂಗ್, ಸಡಿಲವಾದ ಕ್ಲಾಂಪ್ ಇವೆಲ್ಲ ಬದಲಿಸಬಹುದಾದ ಸಣ್ಣ ವಸ್ತುಗಳು. ಅವುಗಳನ್ನು ಸಕಾಲದಲ್ಲಿ ಬದಲಿಸದೆ ಇರುವುದೇ ದೊಡ್ಡ ವೆಚ್ಚದ ಮೂಲ.

ಪುಸ್ತಕದ ಬೆಲೆ ಮತ್ತು ಬಳಕೆಯ ಬೆಲೆ

ಸಣ್ಣ ವ್ಯಾಪಾರಿಗಳ ಮಾಲು ಸಾಗಣೆಯಲ್ಲಿ ಮಾರುತಿ ಓಮ್ನಿಯ ಪಾತ್ರ ದೊಡ್ಡದು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದ ಈ ವಾಹನ, 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ನಿನ ಬಲದ ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. 2019ರಲ್ಲಿ ಹೊಸ ಸುರಕ್ಷತಾ ನಿಯಮಗಳ ಹಿನ್ನೆಲೆಯಲ್ಲಿ ಇದರ ತಯಾರಿಕೆ ನಿಂತಿತು. ಆದುದರಿಂದ ಇಂದು ರಸ್ತೆಯಲ್ಲಿರುವ ಪ್ರತಿಯೊಂದು ಓಮ್ನಿಯೂ ಹಳೆಯ ವಾಹನವೇ. ಹೊಸದನ್ನು ಕೊಳ್ಳಲು ಬ್ಯಾಂಕಿನ ಕಂತಿಗೆ ಅಂಜುವ ಸಣ್ಣ ಉದ್ಯಮಿಗೆ ಇವು ಇನ್ನೂ ದುಡಿದು ಕೊಡುತ್ತಿವೆ.

ಆದರೆ ಲೆಕ್ಕಪುಸ್ತಕದಲ್ಲಿ ಈ ವಾಹನಕ್ಕೆ ಬೆಲೆಯೇ ಉಳಿದಿರುವುದಿಲ್ಲ. ಉದಾಹರಣೆಗೆ, ರೂ. 2,50,000ಕ್ಕೆ ಕೊಂಡ ವ್ಯಾನಿನ ಮೇಲೆ ವರ್ಷಕ್ಕೆ ಶೇ. 15ರಂತೆ ಇಳಿಕೆಯ ಬೆಲೆಯ ಪದ್ಧತಿಯಲ್ಲಿ ಸವಕಳಿ ಕಳೆಯುತ್ತ ಹೋದರೆ, ಹತ್ತು ವರ್ಷಗಳ ಕೊನೆಗೆ ಉಳಿಯುವುದು ಸುಮಾರು ರೂ. 49,200. ಹದಿನೈದು ವರ್ಷಗಳ ಕೊನೆಗೆ ಸುಮಾರು ರೂ. 21,800 ಮಾತ್ರ. ಮಾಲೀಕರ ಮನಸ್ಸಿನಲ್ಲಿಯೂ ವ್ಯಾನಿನ ಬೆಲೆ ಇದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಇಪ್ಪತ್ತು ಸಾವಿರದ ಗಾಡಿಗೆ ಎರಡು ಸಾವಿರ ಏಕೆ ಹಾಕಬೇಕು ಎಂಬ ತರ್ಕ ಹುಟ್ಟುವುದು ಇಲ್ಲಿಯೇ.

ಸವಕಳಿ ಎಂಬುದು ಹೂಡಿದ ಹಣವನ್ನು ವರ್ಷಗಳಿಗೆ ಹಂಚುವ ಕ್ರಮವೇ ಹೊರತು ಯಂತ್ರದ ಉಪಯುಕ್ತತೆಯ ಅಳತೆಯಲ್ಲ. ದಿನಕ್ಕೆ ಹತ್ತು ಅಂಗಡಿಗಳಿಗೆ ಮಾಲು ಮುಟ್ಟಿಸುವ ವ್ಯಾನು ಒಂದು ದಿನ ನಿಂತರೆ ಬಾಡಿಗೆ ಟೆಂಪೋ ತರಿಸಬೇಕು, ಗಿರಾಕಿಗೆ ಸಮಜಾಯಿಷಿ ಹೇಳಬೇಕು. ಹಬ್ಬದ ಮುನ್ನಾದಿನವಾದರೆ ಗಿರಾಕಿಯೇ ಕೈಬಿಟ್ಟುಹೋಗಬಹುದು. ದುರಸ್ತಿಯ ವೆಚ್ಚವನ್ನು ತೂಗಬೇಕಾದುದು ಈ ನಷ್ಟದ ಎದುರಿಗೆ, ಪುಸ್ತಕದ ಶಿಲ್ಕಿನ ಎದುರಿಗಲ್ಲ.

ಆಸನದ ಕೆಳಗಿನ ಎಂಜಿನ್

ಓಮ್ನಿಯಂತಹ ವ್ಯಾನುಗಳಲ್ಲಿ ಎಂಜಿನ್ ಇರುವುದು ಮುಂದಿನ ಆಸನಗಳ ಕೆಳಗೆ. ಕಾರಿನ ಬಾನೆಟ್ ತೆರೆದಂತೆ ಇದನ್ನು ಸುಲಭವಾಗಿ ನೋಡಲಾಗದು. ಆಸನವನ್ನು ಎತ್ತಬೇಕು, ಅದರ ಮೇಲೆ ತುಂಬಿರುವ ರಸೀದಿ ಪುಸ್ತಕ, ಹಗ್ಗ, ಟಾರ್ಪಾಲಿನ್ ತೆಗೆಯಬೇಕು. ಈ ಸಣ್ಣ ತೊಡಕಿನಿಂದಾಗಿ ತಿಂಗಳುಗಟ್ಟಲೆ ಯಾರೂ ಎಂಜಿನ್ನಿನ ಮುಖ ನೋಡುವುದಿಲ್ಲ.

ಮೀಟರ್ ಫಲಕದಲ್ಲಿ ಎಣ್ಣೆಯ ಕೆಂಪು ದೀಪವಿದೆಯಲ್ಲ ಎಂಬ ಧೈರ್ಯವೂ ಸರಿಯಲ್ಲ. ಆ ದೀಪ ತಿಳಿಸುವುದು ಎಣ್ಣೆಯ ಒತ್ತಡವನ್ನು, ಮಟ್ಟವನ್ನಲ್ಲ. ಮಟ್ಟ ಬಹಳ ಕೆಳಗಿಳಿದು ಪಂಪು ಎಣ್ಣೆಯ ಬದಲು ಗಾಳಿ ಎಳೆಯತೊಡಗಿದ ಮೇಲೆ ಅದು ಹೊತ್ತುತ್ತದೆ. ಅಷ್ಟರಲ್ಲಿ ಬೇರಿಂಗುಗಳಿಗೆ ಹಾನಿ ಆಗಿರಬಹುದು. ಆದುದರಿಂದ ವಾರಕ್ಕೊಮ್ಮೆ ಸಮನೆಲದಲ್ಲಿ ವಾಹನ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುವುದಕ್ಕೆ ಬದಲಿ ಉಪಾಯವಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದುದು. ಆ ಎಂಜಿನ್ನಿನ ಮೇಲೆ ದಿನವಿಡೀ ಕುಳಿತಿರುವವರು ಚಾಲಕರು. ಬಿಸಿಯಾದ ಸೈಲೆನ್ಸರ್ ಕೊಳವೆಯ ಮೇಲೆ ಎಣ್ಣೆ ತೊಟ್ಟಿಕ್ಕಿದರೆ ಹೊಗೆ ಬರುತ್ತದೆ. ಅದರ ಪಕ್ಕದಲ್ಲಿಯೇ ಪೆಟ್ರೋಲ್ ಕೊಳವೆ ಬಿರಿದಿದ್ದರೆ ಬೆಂಕಿಯ ಅಪಾಯ ಆಸನದ ಕೆಳಗೇ ಇರುತ್ತದೆ. ಮಾಲಿಗೂ ವಾಹನಕ್ಕೂ ವಿಮೆ ಇಳಿಸಬಹುದು. ಸುಟ್ಟ ಮೈಗೆ ವಿಮೆಯ ಹಣ ಪರಿಹಾರವಾಗದು.

ಶುಚಿಗೊಳಿಸುವುದು ಅಲಂಕಾರವಲ್ಲ, ತಪಾಸಣೆ

ಎಂಜಿನ್ ತೊಳೆಸುವುದು ಮಾರಾಟಕ್ಕಿಟ್ಟ ಗಾಡಿಯ ಶೃಂಗಾರವೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ದಾಸ್ತಾನು ಎಣಿಕೆಯಂತಹ ಕೆಲಸ. ಚೀಲಗಳು ಅಡ್ಡಾದಿಡ್ಡಿ ಬಿದ್ದಿರುವ ಗೋದಾಮಿನಲ್ಲಿ ಕೊರತೆ ಕಾಣದಂತೆ, ವರ್ಷಗಳ ಧೂಳು ಮತ್ತು ಜಿಡ್ಡು ಕಟ್ಟಿದ ಎಂಜಿನ್ನಿನಲ್ಲಿ ಸೋರಿಕೆಯ ಮೂಲ ಕಾಣುವುದಿಲ್ಲ. ಮೇಲೆ ಸೋರಿದ ಎಣ್ಣೆ ಕೆಳಗಿಳಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗವನ್ನೇ ಮೂಲವೆಂದು ತಿಳಿದು ಚೇಂಬರ್ ಇಳಿಸಿ ಪ್ಯಾಕಿಂಗ್ ಹಾಕಿಸಿದವರು, ಹಣ ಕೊಟ್ಟ ಮೇಲೂ ಅದೇ ಕಲೆಯನ್ನು ನೋಡುತ್ತಾರೆ.

ನೀರು ತಗುಲಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂಬ ಮೆಕ್ಯಾನಿಕರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಸರ್ವಿಸ್ ಸ್ಟೇಷನ್ನಿನ ರಭಸದ ನೀರಿಗೆ ಅನ್ವಯಿಸುವ ಮಾತು. ಕೈಯಿಂದ ಮಾಡುವ ಶುಚಿಗೆ ಅನ್ವಯಿಸದು. ಕ್ರಮ ಸರಳವಾದುದು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಕಾರ್ಬ್ಯುರೇಟರ್ ಅಥವಾ ಗಾಳಿಯ ಒಳದಾರಿ, ಡಿಸ್ಟ್ರಿಬ್ಯೂಟರ್, ಇಗ್ನಿಷನ್ ಕಾಯಿಲ್, ಆಲ್ಟರ್ನೇಟರ್ ಇವುಗಳಿಗೆ ಪ್ಲಾಸ್ಟಿಕ್ ಚೀಲ ಬಿಗಿಯಬೇಕು. ಒಣ ಕುಂಚದಿಂದ ಧೂಳನ್ನು ಉದುರಿಸಿ, ಜಿಡ್ಡು ತೆಗೆಯುವ ದ್ರಾವಣವನ್ನು ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಕುಂಚದಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಪೆಟ್ರೋಲಿನಿಂದ ತೊಳೆಯುವ ಹಳೆಯ ರೂಢಿ ಅಪಾಯಕರ, ಅದನ್ನು ಬಿಡಲೇಬೇಕು. ಸೀಮೆಎಣ್ಣೆಯೂ ರಬ್ಬರ್ ಕೊಳವೆಗಳಿಗೆ ಒಳ್ಳೆಯದಲ್ಲ. ಎಲ್ಲವೂ ಚೆನ್ನಾಗಿ ಒಣಗಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು.

ಶುಚಿಯಾದ ಎಂಜಿನ್ನಿನೊಂದಿಗೆ ಒಂದು ದಿನದ ಓಡಾಟ ಮುಗಿಸಿ, ರಾತ್ರಿ ವ್ಯಾನಿನ ಕೆಳಗೆ ರಟ್ಟಿನ ಹಾಳೆ ಹಾಸಿದರೆ ಬೆಳಗ್ಗೆ ಪೂರ್ಣ ವರದಿ ಕೈಗೆ ಸಿಗುತ್ತದೆ. ಮೇಲೆ ಎಲ್ಲಿ ಹೊಸ ಒದ್ದೆ ಕಂಡಿತೋ ಅದೇ ಮೂಲ.

ಸೋರುವುದು ಯಾವುದು?

ರಟ್ಟಿನ ಮೇಲಿನ ಕಲೆಯ ಬಣ್ಣ, ವಾಸನೆ, ಜಾಗ ಈ ಮೂರನ್ನು ನೋಡಿದರೆ ಸಾಕು. ಕಂದು ಅಥವಾ ಕಪ್ಪು ಬಣ್ಣದ್ದು ಎಂಜಿನ್ ಎಣ್ಣೆ. ಇದಕ್ಕೆ ಸಾಮಾನ್ಯ ಮೂಲಗಳು ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಚೇಂಬರ್, ಡ್ರೇನ್ ಬೋಲ್ಟಿನ ವಾಷರ್ ಮತ್ತು ಕ್ರ್ಯಾಂಕಿನ ಆಯಿಲ್ ಸೀಲ್. ಮಂದವಾಗಿದ್ದು ಕಟುವಾದ ವಾಸನೆ ಇದ್ದರೆ ಗೇರ್ ಎಣ್ಣೆ. ಹಿಂದಿನ ಚಕ್ರ ಎಳೆಯುವ ವ್ಯಾನಿನಲ್ಲಿ ಅದು ಗೇರ್‌ಬಾಕ್ಸಿನಿಂದಲೂ ಹಿಂದಿನ ಡಿಫರೆನ್ಶಿಯಲ್‌ನಿಂದಲೂ ಬರಬಹುದು. ಹಸಿರು ಅಥವಾ ಗುಲಾಬಿ ಬಣ್ಣದ, ಸಿಹಿ ವಾಸನೆಯ ನೀರು ಕೂಲೆಂಟ್. ಹೋಸ್ ಪೈಪಿನ ತುದಿ, ವಾಟರ್ ಪಂಪ್, ರೇಡಿಯೇಟರ್ ಇದರ ಮೂಲಗಳು. ಕೂಲೆಂಟಿನ ಬದಲು ಕೊಳವೆಬಾವಿಯ ಗಡುಸು ನೀರು ತುಂಬುವ ಅಭ್ಯಾಸದಿಂದ ಒಳಗೆ ತುಕ್ಕು ಮತ್ತು ಸುಣ್ಣದ ಪದರ ಕಟ್ಟಿ ಎಂಜಿನ್ ಬೇಗ ಕಾಯುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು.

ಚಕ್ರದ ಒಳಬದಿಯಲ್ಲಿ ತಿಳಿಹಳದಿ, ಜಾರುವ ದ್ರವ ಕಂಡರೆ ಅದು ಬ್ರೇಕ್ ಎಣ್ಣೆಯಾಗಿರುವ ಸಂಭವ ಹೆಚ್ಚು. ಆ ದಿನ ವ್ಯಾನು ಗೋದಾಮಿನಿಂದ ಹೊರಡಕೂಡದು. ಪೆಟ್ರೋಲಿನ ವಾಸನೆ ಬಂದರೂ ಇದೇ ನಿಯಮ. ಅನಿಲದ ಕಿಟ್ ಅಳವಡಿಸಿದ ವ್ಯಾನುಗಳಲ್ಲಿ ಅನಿಲದ ವಾಸನೆ ಬಂದರೆ ಸಿಲಿಂಡರಿನ ವಾಲ್ವ್ ಮುಚ್ಚಿ, ಅಧಿಕೃತ ಅಳವಡಿಕೆದಾರರನ್ನೇ ಕರೆಸಬೇಕು.

ಎಣ್ಣೆಯ ಮಟ್ಟ ಇಳಿಯುತ್ತಿದ್ದು ನೆಲದಲ್ಲಿ ಕಲೆಯಿಲ್ಲ, ಹೊಗೆ ನೀಲಿಯಾಗಿದೆ ಎಂದಾದರೆ ಎಣ್ಣೆ ಒಳಗೇ ಉರಿಯುತ್ತಿದೆ ಎಂದರ್ಥ. ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ನೀರು ಸೇರಿದೆ. ಇವೆರಡೂ ಪ್ಯಾಕಿಂಗ್ ಬದಲಿಸಿ ಮುಗಿಸುವ ದೋಷಗಳಲ್ಲ.

ಅಗ್ಗದ ದುರಸ್ತಿ ಮೊದಲು

ಒಂದಕ್ಕಿಂತ ಹೆಚ್ಚು ಕಡೆ ಸೋರುತ್ತಿದ್ದರೆ ಮೊದಲು ನೋಡಬೇಕಾದುದು ಎಂಜಿನ್ನಿನ ಉಸಿರುಕೊಳವೆಯನ್ನು, ಅಂದರೆ ಬ್ರೀದರ್ ಪೈಪನ್ನು. ಅದು ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಎಣ್ಣೆ ಸಿಕ್ಕ ಸೀಲಿನಿಂದೆಲ್ಲ ಹೊರಬರುತ್ತದೆ. ಅದನ್ನು ಶುಚಿಗೊಳಿಸಲು ವಸ್ತುವಿನ ವೆಚ್ಚವೇ ಇಲ್ಲ. ನಂತರ ಬೋಲ್ಟುಗಳನ್ನು ಹದವಾಗಿ ಬಿಗಿಸುವುದು. ಅತಿಯಾಗಿ ಬಿಗಿದರೆ ತಗಡಿನ ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ. ಮೂರನೆಯದು ಮೇಲಿನ ಪ್ಯಾಕಿಂಗ್. ಕೆಳಗಿನ ಚೇಂಬರ್, ಕ್ರ್ಯಾಂಕ್ ಸೀಲ್ ಕೊನೆಯವು. ಈ ಕ್ರಮವನ್ನು ತಿಳಿದ ಮಾಲೀಕರಿಗೆ ಗ್ಯಾರೇಜಿನಲ್ಲಿ ಸರಿಯಾದ ಪ್ರಶ್ನೆ ಕೇಳುವ ಶಕ್ತಿ ಬರುತ್ತದೆ.

ಲೆಕ್ಕ ಏನು ಹೇಳುತ್ತದೆ?

ನಿಮಿಷಕ್ಕೆ ಒಂದೇ ಹನಿ ಸೋರುತ್ತದೆ ಎಂದು ಇಟ್ಟುಕೊಂಡರೂ ದಿನಕ್ಕೆ 1,440 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 72 ಮಿಲಿಲೀಟರ್, ತಿಂಗಳಿಗೆ ಎರಡು ಲೀಟರಿಗೂ ಹೆಚ್ಚು. ಸಣ್ಣ ಎಂಜಿನ್ನಿನಲ್ಲಿ ಇರುವುದೇ ಸುಮಾರು ಮೂರು ಲೀಟರ್. ಲೀಟರಿಗೆ ರೂ. 400ರ ಎಣ್ಣೆಯೆಂದು ಭಾವಿಸಿದರೆ ವರ್ಷದ ನಷ್ಟ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಇಷ್ಟಾಗಿಯೂ ಯಾವ ಪುಸ್ತಕದಲ್ಲಿಯೂ "ಸೋರಿಕೆ" ಎಂಬ ಖಾತೆ ಇರುವುದಿಲ್ಲ. ಅದು "ವಾಹನ ವೆಚ್ಚ" ಎಂಬ ಶೀರ್ಷಿಕೆಯಡಿ ಮರೆಯಾಗಿರುತ್ತದೆ. ಪ್ರತಿ ವಾಹನಕ್ಕೆ ಒಂದು ದಿನಚರಿ ಇಟ್ಟು, ತುಂಬಿದ ಎಣ್ಣೆ, ಕೂಲೆಂಟ್, ಓಡಿದ ಕಿಲೋಮೀಟರ್ ಬರೆದಿಟ್ಟರೆ ಮೂರು ತಿಂಗಳಲ್ಲಿ ನಿಜಸ್ಥಿತಿ ಗೋಚರಿಸುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಸಣ್ಣ ದುರಸ್ತಿಯೇ ಸುಲಭ. ವ್ಯಾಪಾರಕ್ಕೆ ಬಳಸುವ ವಾಹನದ ಪ್ಯಾಕಿಂಗ್, ಸೀಲ್, ಕೊಳವೆಗಳ ವೆಚ್ಚ ರಾಜಸ್ವ ವೆಚ್ಚ; ಅದೇ ವರ್ಷದ ಆದಾಯದಿಂದ ಕಳೆಯಬಹುದು. ಇಡೀ ಎಂಜಿನ್ ಬದಲಿಸಿದಾಗ ಅದು ಬಂಡವಾಳ ವೆಚ್ಚವೋ ಎಂಬ ಪ್ರಶ್ನೆ ಏಳಬಹುದು. ಸರಕು ಸಾಗಣೆಯ ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಯ ಮೇಲೆ, ಸಂಸ್ಥೆಯ ಹೆಸರು ಮತ್ತು ನೋಂದಣಿ ಸಂಖ್ಯೆಯುಳ್ಳ ತೆರಿಗೆ ಬಿಲ್ಲು ಇದ್ದರೆ, ಸಾಮಾನ್ಯ ಪದ್ಧತಿಯ ವರ್ತಕರಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುತ್ತದೆ. ರಾಜಿ ತೆರಿಗೆ ಪದ್ಧತಿಯವರಿಗೆ ದೊರೆಯದು. ಪ್ರಯಾಣಿಕರ ವ್ಯಾನಿಗೂ ಸಾಮಾನ್ಯವಾಗಿ ದೊರೆಯದು. ಬಿಳಿಯ ಚೀಟಿಯಲ್ಲಿ ಬರೆಸಿಕೊಂಡ ಮೊತ್ತಕ್ಕಂತೂ ಯಾವ ಲಾಭವೂ ಇಲ್ಲ.

ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯುವುದು ನಿಲ್ಲಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲಿಯೇ ಇರಿಸಿವೆ. ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡುವುದು ಯೋಗ್ಯ.

ಚಾಲಕರ ಮಾತಿಗೆ ಬೆಲೆ

ಇಷ್ಟೆಲ್ಲ ಕ್ರಮಗಳೂ ಒಬ್ಬ ವ್ಯಕ್ತಿಯ ಮಾತಿನ ಮೇಲೆ ನಿಂತಿವೆ. ಕಲೆಯನ್ನು ಮೊದಲು ನೋಡುವವರು ಚಾಲಕರು. "ಧಣಿ, ಗಾಡಿ ಎಣ್ಣೆ ಬಿಡಾಕತ್ತೈತ್ರಿ" ಎಂದು ಬಂದವರಿಗೆ "ನೀನೇ ಸರಿಯಾಗಿ ಓಡಿಸುತ್ತಿಲ್ಲ" ಎಂಬ ಉತ್ತರ ಸಿಕ್ಕರೆ, ಎರಡನೆಯ ಸಲ ಅವರು ಹೇಳುವುದಿಲ್ಲ. ಬ್ರೇಕ್ ಪೆಡಲ್ ಮೆತ್ತಗಾದಾಗಲೂ ಹೇಳುವುದಿಲ್ಲ. ಆ ಮೌನದ ಬೆಲೆ ಕಟ್ಟುವುದು ಕಷ್ಟ. ಸೋರಿಕೆಯನ್ನು ತಿಳಿಸಿದ ಚಾಲಕರನ್ನು ಮೆಚ್ಚಿ, ಅದೇ ವಾರದಲ್ಲಿ ದುರಸ್ತಿ ಮಾಡಿಸುವ ಮಾಲೀಕರ ವ್ಯಾನು ದೀರ್ಘಕಾಲ ಬಾಳುತ್ತದೆ.

ಹಳೆಯ ವ್ಯಾನನ್ನು ಎಂದೆಂದಿಗೂ ಇಟ್ಟುಕೊಳ್ಳಬೇಕೆಂಬುದು ಇದರ ಅರ್ಥವಲ್ಲ. ಎಂಜಿನ್ ಒಳಗೇ ಎಣ್ಣೆ ಉರಿಸತೊಡಗಿದಾಗ, ಚಾಸಿಗೆ ತುಕ್ಕು ಹಿಡಿದಾಗ, ವರ್ಷದ ದುರಸ್ತಿ ಹೊಸ ವಾಹನದ ವಾರ್ಷಿಕ ಕಂತಿನ ಸಮೀಪಕ್ಕೆ ಬಂದಾಗ ಬೀಳ್ಕೊಡುವುದೇ ಜಾಣತನ. ಆದರೆ ಆ ನಿರ್ಧಾರ ದಿನಚರಿಯ ಅಂಕಿಗಳಿಂದ ಬರಬೇಕು, ನಡುರಸ್ತೆಯಲ್ಲಿ ಕೆಟ್ಟು ನಿಂತ ದಿನದ ಸಿಟ್ಟಿನಿಂದಲ್ಲ. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಉಳಿತಾಯಕ್ಕಷ್ಟೇ ಅನ್ವಯಿಸುವುದು ರೂಢಿ. ನಷ್ಟಕ್ಕೂ ಅದು ಅನ್ವಯಿಸುತ್ತದೆ. ಆದುದರಿಂದ ನಾಳೆ ಬೆಳಗ್ಗೆ ಕಿರ್ದಿ ತೆರೆಯುವ ಮುನ್ನ ವ್ಯಾನು ನಿಂತಿದ್ದ ನೆಲವನ್ನೊಮ್ಮೆ ನೋಡುವುದು ಪ್ರತಿಯೊಬ್ಬ ಮಾಲೀಕರ ಕರ್ತವ್ಯ.