ಎಕರೆಗಟ್ಟಲೆ ಹೊಲ, ಕವಡೆಯಷ್ಟೂ ಜಾಮೀನಿಲ್ಲ

‘ಅರ್ಹತೆ ಇದ್ದವರಿಗೆ ಸ್ಕಾಲರ್‌ಶಿಪ್ ಸಿಕ್ಕೇ ಸಿಗುತ್ತದೆ, ಹುಡುಕುವ ಛಲ ಬೇಕು ಅಷ್ಟೇ’ ಎಂಬ ಉಪದೇಶವನ್ನು ಕಾಲೇಜು ವೇದಿಕೆಗಳಲ್ಲಿ ಮಕ್ಕಳಿಗೆ ಕೊಡುವವರು ಇನ್ನಾದರೂ ಅದನ್ನು ನಿಲ್ಲಿಸಬೇಕು. ಅದು ಸುಳ್ಳು. ತಪ್ಪು ಮಕ್ಕಳದೇ ಎಂದು ಅವರನ್ನು ನಂಬಿಸುವ ಸುಳ್ಳಾದ್ದರಿಂದ ಕ್ರೂರವೂ ಹೌದು. ಅರ್ಹತೆಯ ಕಥೆ ಏನಾಗುತ್ತದೆ ಎಂಬುದನ್ನು 2025ರ ಜುಲೈ ಇಡೀ ದೇಶಕ್ಕೆ ತೋರಿಸಿತು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಕುಶಲಕರ್ಮಿಗಳ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1954-55ರಿಂದ ನಡೆಸುತ್ತಿರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಇಡೀ ಭಾರತಕ್ಕೆ ಸೇರಿ ಇರುವುದು 125 ಸ್ಥಾನ. ಆ ವರ್ಷ ಆಯ್ಕೆಯಾದವರು 106 ಮಂದಿ. ಮೊದಲಿಗೆ ಪತ್ರ ಸಿಕ್ಕಿದ್ದು 40 ಮಂದಿಗೆ. ಉಳಿದ 66 ಮಂದಿಗೆ ಸಿಕ್ಕಿದ್ದು ‘ಹಣ ಲಭ್ಯವಾದರೆ ಕೊಡುತ್ತೇವೆ’ ಎಂಬ ಉತ್ತರ. ಈ ಮಕ್ಕಳು ಹುಡುಕಿದ್ದರು, ಅರ್ಜಿ ಹಾಕಿದ್ದರು, ಆಯ್ಕೆಯೂ ಆಗಿದ್ದರು. ಇನ್ನಾವ ಛಲವನ್ನು ಅವರು ತೋರಿಸಬೇಕಿತ್ತು?

ಹೆಸರುವಾಸಿಯಾದ ಬೇರೆ ವಿದ್ಯಾರ್ಥಿವೇತನಗಳಿಗೂ ಅವುಗಳದೇ ಕಟ್ಟಳೆಗಳಿವೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸಿಗಬೇಕಾದರೆ ಪದವಿಯ ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ವಿಜಯಪುರ ಸಮೀಪದ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಈಗಷ್ಟೇ ಓದು ಮುಗಿಸಿದ ಹುಡುಗಿಗೆ ಅದು ಇಂದಿನ ಮಾತಲ್ಲ. ಹಾಗಾಗಿ ಬಹುತೇಕ ಮಕ್ಕಳಿಗೆ ಉಳಿಯುವ ದಾರಿ ಸಾಲ. ಶುಲ್ಕವೇ ಇಲ್ಲ ಎಂದು ಎಲ್ಲರೂ ಕೊಂಡಾಡುವ ಜರ್ಮನಿಯನ್ನೇ ನೋಡಿ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಶುಲ್ಕ ಕೇಳುವುದಿಲ್ಲ, ನಿಜ. ಆದರೆ ವೀಸಾ ಬೇಕಾದರೆ ಒಂದು ವರ್ಷದ ಜೀವನಖರ್ಚು ಎಂದು 11,904 ಯೂರೊವನ್ನು, ಅಂದರೆ 11 ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತವನ್ನು, ಮುಂಚೆಯೇ ಖಾತೆಯಲ್ಲಿ ಕಟ್ಟಿಡಬೇಕು. ಬ್ರಿಟನ್ನಿಗೆ ಹೋಗುವವರ ಖಾತೆಯಲ್ಲಿ ಹಣ ಸತತ 28 ದಿನ ಅಲುಗದೆ ನಿಂತಿರಬೇಕು. ಓದಿನ ಖರ್ಚು ಆಮೇಲಿನದು. ವಿಮಾನ ಹತ್ತುವ ಮೊದಲೇ ಕೈಯಲ್ಲಿ ತೋರಿಸಬೇಕಾದ ಈ ಮೊದಲ ಗಂಟಿನ ಬಗ್ಗೆ ಉಪದೇಶಕರು ಎಂದೂ ಬಾಯಿ ಬಿಡುವುದಿಲ್ಲ.

ಈ ಮೊದಲ ಗಂಟಿಗೆ ಬ್ಯಾಂಕಿಗೆ ಹೋದರೆ ಎದುರಾಗುವ ಗೋಡೆಯ ಹೆಸರು ಏಳೂವರೆ ಲಕ್ಷ. ನಾಲ್ಕು ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಜಾಮೀನು ಬೇಡ. ಏಳೂವರೆ ಲಕ್ಷದವರೆಗೆ ಒಬ್ಬರು ಜಾಮೀನು ನಿಂತರೆ ಸಾಕು ಅಥವಾ 2015ರ ಸಾಲ ಖಾತರಿ ನಿಧಿ ಕೈಹಿಡಿಯುತ್ತದೆ. ಅದನ್ನು ದಾಟಿದರೆ ಆಸ್ತಿ ಅಡವಿಡಬೇಕು. ವಿದೇಶದಲ್ಲಿ ಓದಲು ಏಳೂವರೆ ಲಕ್ಷ ಯಾವ ಮೂಲೆಗೆ ಸಾಲುತ್ತದೆ? ಶುಲ್ಕವಿಲ್ಲದ ಜರ್ಮನಿಯ ಒಂದು ವರ್ಷದ ಊಟ-ವಸತಿಗೇ ಸಾಲದು. ಸರಿ, ಆಸ್ತಿ ಕೊಡೋಣ ಎಂದರೆ ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕುಟುಂಬದಲ್ಲಿರುವ ಆಸ್ತಿ ಹೊಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕಂಡ ಹೊಲ, ದ್ರಾಕ್ಷಿ ಹಬ್ಬಿಸಿದ ಹೊಲ, ಒಣದ್ರಾಕ್ಷಿ ಮಾರಿ ಮನೆ ನಡೆಸುವ ಹೊಲ. ಶೈಕ್ಷಣಿಕ ಸಾಲಕ್ಕೆ ಬಹುತೇಕ ಬ್ಯಾಂಕುಗಳು ಅದನ್ನು ಮುಟ್ಟುವುದಿಲ್ಲ. ಅಡವಿಟ್ಟ ಆಸ್ತಿಯನ್ನು ಜಪ್ತಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 31ನೇ ಕಲಮು ಕೃಷಿ ಭೂಮಿಯನ್ನು ಆ ಕಾಯ್ದೆಯಿಂದ ಹೊರಗಿಟ್ಟಿದೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಜಪ್ತಿ ಮಾಡಲು ಬಾರದ ಆಸ್ತಿ ಬ್ಯಾಂಕಿಗೆ ಆಸ್ತಿಯೇ ಅಲ್ಲ. ಅದಕ್ಕೆ ಬೇಕಾದದ್ದು ವಿಜಯಪುರ ನಗರದೊಳಗಿನ ಮನೆ ಅಥವಾ ಎನ್‌ಎ (ಕೃಷಿಯೇತರ) ಆದ ಪ್ಲಾಟು. ಹತ್ತು ಎಕರೆ ತೋಟದ ಒಡೆಯನ ಮಗಳು ಮನೆಯಲ್ಲೇ ಉಳಿಯುತ್ತಾಳೆ, ನಗರದಲ್ಲಿ ಒಂದು ಸೈಟು ಇದ್ದವರ ಮಗ ಹೋಗುತ್ತಾನೆ. ಇವರಿಬ್ಬರ ನಡುವಿನ ವ್ಯತ್ಯಾಸಕ್ಕೆ ಅರ್ಹತೆ ಎಂದು ಹೆಸರಿಟ್ಟವರು ಯಾರು?

ಆಸ್ತಿ ಇಲ್ಲದೆಯೂ ಸಾಲ ಕೊಡುವವರಿದ್ದಾರಲ್ಲ ಎನ್ನುವವರು ಇದ್ದಾರೆ. ಸರ್ಕಾರಿ ಬ್ಯಾಂಕುಗಳು ಆ ವಿನಾಯಿತಿ ಕೊಡುವುದು ತಾವೇ ಪಟ್ಟಿ ಮಾಡಿಕೊಂಡ ಆಯ್ದ ವಿಶ್ವವಿದ್ಯಾಲಯಗಳಿಗೆ ಮಾತ್ರ. ಖಾಸಗಿ ಹಣಕಾಸು ಕಂಪನಿಗಳು ಕೊಡುತ್ತವೆ, ಹೆಚ್ಚಿನ ಬಡ್ಡಿಗೆ. ಅವೂ ಮೊದಲು ಕೇಳುವುದು ತಂದೆಯ ಆದಾಯ ತೆರಿಗೆ ರಿಟರ್ನ್. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದಿರುವಾಗ ರೈತನ ಮನೆಯಲ್ಲಿ ರಿಟರ್ನ್ ಎಲ್ಲಿಂದ ಬರಬೇಕು? ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಜಾಮೀನಿಲ್ಲದ ಸಾಲ ಕೊಡುತ್ತದೆ, ಆದರೆ ದೇಶದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗಷ್ಟೇ. ಅಲ್ಪಸಂಖ್ಯಾತ ಮಕ್ಕಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ತುಂಬುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನಂತೂ 2022-23ರಿಂದ ಮುಚ್ಚಿಯೇ ಬಿಟ್ಟರು. ಹೊಲವನ್ನು ಜಪ್ತಿಯಿಂದ ಉಳಿಸಿರುವುದೇ ರೈತನ ರಕ್ಷಣೆಗಾಗಿ, ಅದನ್ನು ತೆಗೆಯಬೇಕೆನ್ನುತ್ತೀರಾ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ತೆಗೆಯಬಾರದು, ಖಂಡಿತ ತೆಗೆಯಬಾರದು. ಆದರೆ ಟ್ರ್ಯಾಕ್ಟರಿಗೆ, ಬಾವಿಗೆ, ಪೈಪ್‌ಲೈನಿಗೆ ಇದೇ ಹೊಲವನ್ನು ಅಡಮಾನ ಹಿಡಿದು, ಉತಾರಿಯಲ್ಲಿ (ಪಹಣಿಯಲ್ಲಿ) ಬೋಜಾ ಏರಿಸಿ ಸಾಲ ಕೊಡುವ ವ್ಯವಸ್ಥೆ ನಮ್ಮಲ್ಲಿ ಇದ್ದೇ ಇದೆ. ಮಗಳ ಓದಿಗೆ ಮಾತ್ರ ಹೊಲ ನಡೆಯದು ಎಂದರೆ ಕೊರತೆ ಇರುವುದು ಆಳುವವರ ಮನಸ್ಸಿನಲ್ಲಿ. ಹೊಲಕ್ಕೆ ಕೈ ಹಾಕದೆ ಸರ್ಕಾರವೇ ಜಾಮೀನು ನಿಲ್ಲಬಹುದು. ಏಳೂವರೆ ಲಕ್ಷಕ್ಕೆ ನಿಲ್ಲುವ ಖಾತರಿ ನಿಧಿ ಮೂವತ್ತು ಲಕ್ಷಕ್ಕೆ ನಿಲ್ಲಬಾರದೇಕೆ?

ಈ ಪ್ರಶ್ನೆಯನ್ನು ಯಾವ ಪಕ್ಷವೂ ಕೇಳದಿರುವುದಕ್ಕೆ ಕಾರಣವಿದೆ: ಇದರಲ್ಲಿ ಜಗಳಕ್ಕೆ ಎದುರಾಳಿ ಇಲ್ಲ. 2024ರ ಅಕ್ಟೋಬರ್‌ನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡದ ಹೊಲಗಳು ವಕ್ಫ್ ಆಸ್ತಿ ಎಂಬ ಮಾತು ಬಂದಾಗ ಇಡೀ ರಾಜ್ಯದ ರಾಜಕಾರಣ ವಿಜಯಪುರಕ್ಕೆ ಬಂದಿಳಿಯಿತು. ವಕ್ಫ್ ಮಸೂದೆಯ ಸಂಸತ್ತಿನ ಜಂಟಿ ಸಮಿತಿಯ ಅಧ್ಯಕ್ಷರೂ ಬಂದುಹೋದರು. ರೈತನ ಉತಾರಿಯ ಮೇಲೆ ಅಷ್ಟೊಂದು ಪ್ರೀತಿ ಇದ್ದವರಲ್ಲಿ ಒಬ್ಬರಾದರೂ, ಆ ಉತಾರಿ ಅವನ ಮಗಳ ಓದಿಗೆ ಏಕೆ ಉಪಯೋಗಕ್ಕೆ ಬಾರದು ಎಂದು ಕೇಳಿದರೇ? ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ನೆರವನ್ನು 20 ಲಕ್ಷದಿಂದ 30 ಲಕ್ಷಕ್ಕೆ ಏರಿಸಲು ರಾಜ್ಯ ಸರ್ಕಾರ 2025ರಲ್ಲಿ ಹೊರಟಾಗ ಕೆಲವರು ಓಲೈಕೆ ಎಂದು ಬೊಬ್ಬೆ ಹಾಕಿದರು. ಅದು ಓಲೈಕೆಯಲ್ಲ, ಇಂದಿನ ಖರ್ಚಿಗೆ ಹೊಂದುವ ಲೆಕ್ಕ. ಅವರಿಗೇಕೆ ಎಂದು ಕೂಗುವ ಬದಲು ಎಲ್ಲ ಬಡವರ ಮಕ್ಕಳಿಗೂ ಅಷ್ಟೇ ಕೊಡಿ ಎಂದು ಕೂಗಿದ್ದರೆ ಜಿಲ್ಲೆ ಅವರನ್ನು ನೆನೆಯುತ್ತಿತ್ತು. ಇನ್ನು ‘ಇಲ್ಲೇ ಓದಲಿ’ ಎನ್ನುವವರು, ಸರ್ಕಾರಿ ವೈದ್ಯಕೀಯ ಕಾಲೇಜನ್ನು ಖಾಸಗಿ ಸಹಭಾಗಿತ್ವಕ್ಕೆ ಕೊಡಬೇಡಿ ಎಂದು ವಿಜಯಪುರದ ಜನ 2025ರಲ್ಲಿ ಧರಣಿ ಕೂರಬೇಕಾಯಿತು ಎಂಬುದನ್ನು ಮರೆಯದಿರಲಿ. ಇಲ್ಲಿ ಸೀಟು ಕೈಗೆಟುಕದೆ ಉಕ್ರೇನಿಗೆ ಹೋದ ಹಾವೇರಿ ಜಿಲ್ಲೆಯ ನವೀನ್ 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಇಲ್ಲಿನ ಬಾಗಿಲನ್ನೂ ಮುಚ್ಚಿ, ಹೊರಗಿನ ದಾರಿಗೂ ಬೇಲಿ ಹಾಕುವವರಿಗೆ ಉಪದೇಶ ಮಾಡುವ ಹಕ್ಕಿಲ್ಲ.

ಹೋದವರು ಮರಳುವುದಿಲ್ಲ, ನಮ್ಮ ತೆರಿಗೆ ಹಣ ಪರದೇಶದ ಪಾಲಾಗುತ್ತದೆ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ನೂರು ವರ್ಷ ಹಿಂದೆಯೇ ಸಿಕ್ಕಿದೆ. 1913ರಲ್ಲಿ ಬರೋಡಾ ಸಂಸ್ಥಾನ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ನೆರವು ಕೊಟ್ಟು ಅಂಬೇಡ್ಕರರನ್ನು ಕೊಲಂಬಿಯಾಕ್ಕೆ ಕಳಿಸಿತು. ಮರಳಿ ಬಂದು ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರೂ ಬರೆಸಿಕೊಂಡಿತು. ಆ ಹಣ ವ್ಯರ್ಥವಾಯಿತೆಂದು ಹೇಳುವ ಧೈರ್ಯ ಯಾರಿಗಿದೆ? ನಮ್ಮ ಪಕ್ಕದ ನೆಲದಲ್ಲೇ, 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ದೇಸಗತಿಯ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಹೊಲದ ಹುಟ್ಟುವಳಿಯಿಂದ ಒಂದು ತಲೆಮಾರು ಓದಿತು. ಭೂಮಿ ವಿದ್ಯೆಗೆ ಆಧಾರವಾಗುವುದು ಈ ಭಾಗಕ್ಕೆ ಹೊಸದಲ್ಲ; ಆ ದಾರಿಯನ್ನು ಮುಚ್ಚಿರುವವರು ಇಂದಿನವರು.

ತಿಕೋಟಾ, ಬಬಲೇಶ್ವರಗಳ ಶಾಸಕರು ರಾಜ್ಯ ಸಂಪುಟದಲ್ಲಿದ್ದಾರೆ, ಜಿಲ್ಲೆಯ ಹಿರಿಯ ಶಿಕ್ಷಣ ಸಂಸ್ಥೆಯೊಂದರ ಅಧ್ಯಕ್ಷರೂ ಹೌದು. ಅವರ ಮುತುವರ್ಜಿಯಿಂದ ಮುಂದಿನ ಬಜೆಟ್ಟಿನಲ್ಲಿ ರಾಜ್ಯದ್ದೇ ಒಂದು ಖಾತರಿ ನಿಧಿ ಬರಲಿ: ಪ್ರವೇಶಪತ್ರ ಸಿಕ್ಕ ಪ್ರತಿ ರೈತ-ಕೂಲಿಕಾರ ಕುಟುಂಬದ ಮಗುವಿಗೆ ಜಾತಿ-ಧರ್ಮ ನೋಡದೆ ಮೂವತ್ತು ಲಕ್ಷದವರೆಗೆ ಸರ್ಕಾರದ ಜಾಮೀನು, ವೀಸಾಕ್ಕೆ ತೋರಿಸಬೇಕಾದ ಹಣ ಅರ್ಜಿ ಹಾಕುವ ಮುಂಚೆಯೇ ಖಾತೆಯಲ್ಲಿ. ಅದನ್ನು ಮಾಡಲಾಗದವರು ಕಾಲೇಜು ವೇದಿಕೆ ಹತ್ತಿ ನಮ್ಮ ಮಕ್ಕಳಿಗೆ ಛಲದ ಪಾಠ ಹೇಳುವುದು ಬೇಡ.