ಗೇಟು ಅಳೆದು ಯಂತ್ರ ಕರೆಸಿ

ಬೆಂಗಳೂರಿನ ಎನ್.ಆರ್. ಕಾಲೋನಿಯ ಅಡ್ಡರಸ್ತೆಗಳಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಕೆಲಸ ಎಲ್ಲಾದರೂ ಒಂದು ಕಡೆ ನಡೆದೇ ಇರುತ್ತದೆ. ಕಟ್ಟಡ ಮುಗಿದ ಮೇಲೆ ಗೇಟಿನಿಂದ ಪೋರ್ಟಿಕೋವರೆಗಿನ ಅಂಗಳಕ್ಕೆ ಜಲ್ಲಿ ಹಾಸುವ ಸರದಿ. ಟಿಪ್ಪರ್ ರಸ್ತೆಯಂಚಿನಲ್ಲಿ ರಾಶಿ ಸುರಿದು ಹೋಗುತ್ತದೆ. ಅದನ್ನು ಒಳಗೆ ಸಾಗಿಸಲು ಮೇಸ್ತ್ರಿ ಹಿಂದೆಮುಂದೆ ನೋಡದೆ ಜೆಸಿಬಿಗೆ ಫೋನ್ ಮಾಡುತ್ತಾರೆ. ರಾಜಕಾರಣಿಗಳ ಮೇಲೆ ಹೂಮಳೆ ಸುರಿಸಲೂ ಇದೇ ಯಂತ್ರ ಬರುವ ರಾಜ್ಯದಲ್ಲಿ ಇದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಆದರೆ ಇಂಥ ಹಳೆಯ ಬಡಾವಣೆಗಳ ಮಟ್ಟಿಗೆ ಇದು ತಪ್ಪು ಆಯ್ಕೆ. ಬಾಡಿಗೆ ಯಂತ್ರದ ಗಾತ್ರವನ್ನು ರಾಶಿ ನೋಡಿ ಗೊತ್ತುಮಾಡುವ ಬದಲು, ಅದು ತಿರುಗಾಡಬೇಕಾದ ಜಾಗ ಮತ್ತು ನಿಲ್ಲಬೇಕಾದ ನೆಲ ನೋಡಿ ಗೊತ್ತುಮಾಡಬೇಕು.

ಲೆಕ್ಕ ಹಾಕೋಣ. ನೂರು ಘನ ಅಡಿ ಜಲ್ಲಿ ಎಂದರೆ 2.83 ಘನ ಮೀಟರ್, ತೂಕ ಸುಮಾರು 4.2 ಟನ್. ನಾವು ದಿನವೂ ನೋಡುವ ಜೆಸಿಬಿಯ ಮುಂದಿನ ಬಕೆಟ್ ಸುಮಾರು 1.1 ಘನ ಮೀಟರ್ ಹಿಡಿಯುತ್ತದೆ. ಮೂರು ಸಲ ಎತ್ತಿದರೆ ರಾಶಿ ಖಾಲಿ. ಬಾಬ್‌ಕ್ಯಾಟ್ ಎಂದೇ ಜನ ಕರೆಯುವ ಸಣ್ಣ ಲೋಡರ್, 600 ಕಿಲೋ ಎತ್ತುವಂಥದ್ದಾದರೆ, ಏಳು ಸಲ ಓಡಾಡಬೇಕು. ಕಾಗದದ ಮೇಲೆ ಜೆಸಿಬಿ ಗೆದ್ದಿತು. ಅಂಗಳಕ್ಕೆ ಬಂದರೆ ಕಥೆಯೇ ಬೇರೆ. ಅದರ ಬಕೆಟ್ ಏಳು ಅಡಿಗಿಂತ ಅಗಲ, ಮೈ ಸುಮಾರು ಹತ್ತೊಂಬತ್ತು ಅಡಿ ಉದ್ದ. ಹತ್ತು ಅಡಿಯ ಗೇಟಿನೊಳಗೆ ಮುಖ ತೂರಿಸಬಹುದು, ತಿರುಗುವಂತಿಲ್ಲ. ಹಾಗಾಗಿ ಬಾಗಿಲಲ್ಲೇ ಸುರಿದು ಹಿಂದೆ ಸರಿಯುತ್ತದೆ. ಮೂಲೆಮೂಲೆಗೆ ಹರಡುವ ಕೆಲಸ ಮತ್ತೆ ಆಳುಗಳ ಬಾಂಡ್ಲಿಗೆ. ಸುಮಾರು ಐದು ಅಡಿ ಅಗಲದ ಸಣ್ಣ ಲೋಡರ್ ಎಡಬಲದ ಚಕ್ರಗಳನ್ನು ವಿರುದ್ಧ ದಿಕ್ಕಿಗೆ ಓಡಿಸಿ ನಿಂತಲ್ಲೇ ತಿರುಗುತ್ತದೆ. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಸೋದರರು ಇದರ ಮೂಲರೂಪವನ್ನು ಕಟ್ಟಿದ್ದೇ ಟರ್ಕಿ ಕೋಳಿ ಸಾಕುವ ಶೆಡ್ಡಿನೊಳಗಿನ ಗೊಬ್ಬರ ಬಳಿಯಲು. ಇಕ್ಕಟ್ಟಿಗೆಂದೇ ಹುಟ್ಟಿದ ಯಂತ್ರವಿದು.

ಇದಕ್ಕಿಂತ ಗಂಭೀರವಾದ ವಿಷಯ ನೆಲದ ಕೆಳಗಿದೆ. ಬೆಂಗಳೂರಿನ ಹಲವು ಮನೆಗಳ ಅಂಗಳದಡಿ ನೀರಿನ ಸಂಪು ಇರುತ್ತದೆ. ಒಂದೂವರೆ ಟನ್ನಿನ ಕಾರು ನಿಲ್ಲಲೆಂದು ಹಾಕಿದ ಸ್ಲ್ಯಾಬಿನ ಮೇಲೆ ಏಳೂವರೆ ಟನ್ನಿನ ಯಂತ್ರ ಹತ್ತಿದರೆ, ಅದೂ ಬಕೆಟ್ ತುಂಬಿ ಭಾರವೆಲ್ಲ ಮುಂದಿನ ಚಕ್ರಗಳಿಗೆ ಬಿದ್ದಾಗ, ಸ್ಲ್ಯಾಬ್ ತಾಳಿಕೊಳ್ಳುತ್ತದೆಂಬ ಭರವಸೆ ಯಾರು ಕೊಡುತ್ತಾರೆ? ಗೇಟಿನ ಹೊರಗೆ ಮೋರಿಯ ಮೇಲಿನ ಕಲ್ಲುಚಪ್ಪಡಿ, ಒಳಚರಂಡಿಯ ಚೇಂಬರ್, ನೀರಿನ ಪೈಪು ಬೇರೆ ಇವೆ. ಅಂಗಳಕ್ಕೆ ಜಲ್ಲಿ ಹಾಸುವುದರ ಲಾಭವೇ ಮಳೆನೀರು ಇಂಗುವುದು. ಭಾರೀ ಯಂತ್ರ ಓಡಾಡಿ ಮಣ್ಣು ಗಟ್ಟಿಯಾದರೆ ಆ ಲಾಭವೂ ಹೋಯಿತು. ಸಣ್ಣ ಲೋಡರ್ ಕೂಡ ಹಗುರವೇನಲ್ಲ, ಎರಡು ಟನ್ನಿನ ಮೇಲಿರುತ್ತದೆ. ಸಂಪಿನ ಮೇಲೆ ಅದನ್ನೂ ಹತ್ತಿಸಬಾರದು. ಆದರೆ ಐದು ಅಡಿಯ ಯಂತ್ರಕ್ಕೆ ಸಂಪಿನ ಪಕ್ಕದಲ್ಲಿ ದಾರಿ ಹುಡುಕಬಹುದು.

ಜೆಸಿಬಿ ಬೀದಿ ಬೀದಿಯಲ್ಲೂ ಸಿಗುತ್ತದೆ, ಸಣ್ಣದನ್ನು ದೂರದಿಂದ ಲಾರಿಯ ಮೇಲೆ ತರಿಸಬೇಕು, ದುಬಾರಿ ಎಂಬ ಆಕ್ಷೇಪ ನಿಜವೇ. ಆದರೆ ಹೋಲಿಸಬೇಕಾದದ್ದು ಗಂಟೆಯ ಬಾಡಿಗೆಯನ್ನಲ್ಲ. ಜೆಸಿಬಿ ಹೋದ ಮೇಲೆ ಉಳಿಯುವ ಆಳುಗಳ ಕೂಲಿ, ಒಡೆದ ಚಪ್ಪಡಿಯ ರಿಪೇರಿ ಎಲ್ಲ ಸೇರಿದ ಮೊತ್ತವನ್ನು. ಅಕ್ಕಪಕ್ಕದ ಎರಡು ಮೂರು ಮನೆಯವರು ಒಂದೇ ದಿನ ಗೊತ್ತುಮಾಡಿದರೆ ಸಾಗಣೆಯ ಖರ್ಚೂ ಹಂಚಿಹೋಗುತ್ತದೆ. ಯಂತ್ರವೇ ಬೇಡ, ಆಳುಗಳೇ ಸಾಕು ಎನ್ನುವವರು ಇನ್ನೊಂದು ಲೆಕ್ಕ ನೋಡಲಿ: ಬಾಂಡ್ಲಿಗೆ 25 ಕಿಲೋ ಎಂದರೂ ನೂರು ಘನ ಅಡಿ ಮುಗಿಯಲು ನೂರ ಎಪ್ಪತ್ತು ಸಲ ತಲೆಯ ಮೇಲೆ ಹೊರಬೇಕು. ನಮ್ಮ ಉಳಿತಾಯವನ್ನು ಇನ್ನೊಬ್ಬರ ಕುತ್ತಿಗೆಯ ಮೇಲೆ ಹೇರುವುದು ಸರಿಯಲ್ಲ. ಮನೆಯ ಪಕ್ಕದ ಮೂರಡಿ ಓಣಿಗೆ ಮಾತ್ರ ಕೈಗಾಡಿಯೇ ಗತಿ, ಅಲ್ಲಿ ಯಾವ ಲೋಡರೂ ನುಗ್ಗದು. ಸಣ್ಣದು ಎಂದಾಕ್ಷಣ ತೀರ ಸಣ್ಣದಕ್ಕೂ ಇಳಿಯಬೇಡಿ: ಚಕ್ರದ ಲೋಡರಿಗೆ ನಿಗದಿಯಾಗಿರುವ ಭಾರ ಅದು ಮುಗ್ಗರಿಸುವ ಭಾರದ ಅರ್ಧ ಮಾತ್ರ, ನಿಗದಿಯ ಮಿತಿ ಮೀರಿ ತುಂಬುತ್ತ ಹೋದರೆ ಹಿಂಬದಿ ಏಳುವ ಅಪಾಯವಿದೆ. ನಿಂತಲ್ಲೇ ತಿರುಗುವಾಗ ಅದರ ಟೈರು ಹೊಸ ಇಂಟರ್‌ಲಾಕ್ ಕಲ್ಲನ್ನು ಕಿತ್ತುಹಾಕುವುದೂ ಉಂಟು. ಹಾಗಾಗಿ ಜಲ್ಲಿ ಮೊದಲು, ಕಲ್ಲು ಆಮೇಲೆ.

ಮುಂದಿನ ಲೋಡ್ ತರಿಸುವ ಮುನ್ನ ಟೇಪು ಹಿಡಿದು ಗೇಟು ಅಳೆಯಿರಿ. ಸಂಪಿನ ಸ್ಲ್ಯಾಬ್ ಎಲ್ಲಿಂದ ಎಲ್ಲಿಯವರೆಗಿದೆ ಎಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದು ಚಾಲಕರಿಗೆ ತೋರಿಸಿ. ಬಾಡಿಗೆ ಎಷ್ಟು ಎಂದು ಕೇಳುವುದು ಅದಾದ ಮೇಲೆ.