ವಿದ್ಯಾರ್ಥಿ ತಂಡಕ್ಕೆ ನೆರವು: ವಂತಿಗೆಯೋ, ಪ್ರಾಯೋಜಕತ್ವವೋ?

ಸಿಂಧನೂರಿನ ಗಂಜಿನಲ್ಲಾಗಲಿ, ಲಿಂಗಸುಗೂರು ಮತ್ತು ಮಸ್ಕಿಯ ಪೇಟೆಗಳಲ್ಲಾಗಲಿ ವಂತಿಗೆ ಕೇಳಿ ಬರುವವರಿಗೆ ಎಂದೂ ಕೊರತೆಯಿಲ್ಲ. ಜಾತ್ರೆ, ಗಣೇಶೋತ್ಸವ, ಸಾಮೂಹಿಕ ವಿವಾಹ, ಕಬಡ್ಡಿ ಪಂದ್ಯಾವಳಿ ಎಂದು ರಶೀದಿ ಪುಸ್ತಕ ಹಿಡಿದು ಬಂದವರನ್ನು ವರ್ತಕರು ಬರಿಗೈಯಲ್ಲಿ ಕಳುಹಿಸುವುದು ಅಪರೂಪ. ಆದರೆ ವಿಶ್ವವಿದ್ಯಾಲಯದ ಹತ್ತಾರು ವಿದ್ಯಾರ್ಥಿಗಳು ಬಂದು, ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಮರುಜೋಡಿಸಿ ಕುಡಿಯುವ ನೀರನ್ನು ಪರೀಕ್ಷಿಸುವ ಸಾಧನ ರೂಪಿಸುತ್ತೇವೆ, ಪ್ಯಾರಿಸ್ಸಿನ ಸ್ಪರ್ಧೆಗೆ ಹೋಗಲು ನೆರವಾಗಿರಿ ಎಂದರೆ ಗಿರಣಿಯ ಮಾಲೀಕರು ಏನು ಮಾಡಬೇಕು? ಗಣೇಶನ ಪಟ್ಟಿಗೆ ಬರೆಸುವಂತೆ 501 ರೂಪಾಯಿ ಬರೆಸಿ ಬೀಳ್ಕೊಡುವುದು ಸುಲಭ. ಅದರಿಂದ ಕೊಟ್ಟವರಿಗೂ ಪ್ರಯೋಜನವಿಲ್ಲ, ಪಡೆದವರಿಗೂ ಇಲ್ಲ.

ಈ ಸ್ಪರ್ಧೆಯ ಹೆಸರು ಐಜೆಮ್. ಅಮೆರಿಕದ ಎಂಐಟಿಯಲ್ಲಿ 2003ರಲ್ಲಿ ತರಗತಿಯ ಅಭ್ಯಾಸವಾಗಿ ಆರಂಭವಾಗಿ, 2004ರಲ್ಲಿ ಐದು ತಂಡಗಳ ಸ್ಪರ್ಧೆಯಾಯಿತು. ಈಚಿನ ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ತಂಡಗಳು ಭಾಗವಹಿಸುತ್ತಿದ್ದು, 2022ರಿಂದ ಅದರ ಸಮಾವೇಶ ಪ್ಯಾರಿಸ್ಸಿನಲ್ಲಿ ನಡೆಯುತ್ತಿದೆ. ಇದರ ಮೂಲ ಕಲ್ಪನೆ ಉದ್ದಿಮೆದಾರರಿಗೆ ಹೊಸದೇನಲ್ಲ. ಅಕ್ಕಿ ಗಿರಣಿಯ ಬೇರಿಂಗ್, ಬೆಲ್ಟ್, ರಬ್ಬರ್ ರೋಲ್‌ಗಳು ನಿಗದಿತ ಅಳತೆಯಲ್ಲಿ ಅಂಗಡಿಯಲ್ಲಿ ದೊರೆಯುವಂತೆ, ವಂಶವಾಹಿಯ ತುಣುಕುಗಳನ್ನೂ ನಿರ್ದಿಷ್ಟ ಕೆಲಸದ ಬಿಡಿಭಾಗಗಳಾಗಿ ಸಂಗ್ರಹಿಸಿಟ್ಟು, ಬೇಕಾದವರು ಬೇಕಾದಂತೆ ಜೋಡಿಸಿಕೊಳ್ಳುವುದೇ ಸಂಶ್ಲೇಷಿತ ಜೀವಶಾಸ್ತ್ರದ ಹಾದಿ.

ಕರ್ನಾಟಕಕ್ಕೆ ಇದು ಅಪರಿಚಿತವಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ತಂಡ 2006ರಲ್ಲಿಯೇ ಈ ಸ್ಪರ್ಧೆಗೆ ಇಳಿದಿತ್ತು. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ಮೊದಲ ಮಳೆಗೆ ಮಣ್ಣಿನಿಂದೇಳುವ ಘಮಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಬ್ಯಾಕ್ಟೀರಿಯಾದಿಂದ ಉತ್ಪಾದಿಸಲು ಹೊರಟರು. ಅವರು ಜೀವಶಾಸ್ತ್ರದ ವಿದ್ಯಾರ್ಥಿಗಳೇ ಆಗಿರಲಿಲ್ಲ ಎಂಬುದು ಗಮನಾರ್ಹ. ಅನಂತರ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮಣಿಪಾಲದ ತಂಡಗಳೂ ಪಾಲ್ಗೊಂಡಿವೆ. ಪಟ್ಟಿಯ ಹೆಸರುಗಳೆಲ್ಲ ಬೆಂಗಳೂರು, ಮಣಿಪಾಲ. ತಂಡವೊಂದರ ನೋಂದಣಿ ಶುಲ್ಕವೇ ಹಲವು ಸಾವಿರ ಡಾಲರ್. ಪ್ರಯೋಗಾಲಯದ ರಾಸಾಯನಿಕಗಳು, ವಿಮಾನ ದರ, ವೀಸಾ ಇವೆಲ್ಲ ಪ್ರತ್ಯೇಕ. ಪ್ರಾಯೋಜಕರು ಎಲ್ಲಿರುವರೋ ತಂಡವೂ ಅಲ್ಲಿಯೇ ಹುಟ್ಟುತ್ತದೆ, ತಂಡ ಎಲ್ಲಿರುವುದೋ ಅಲ್ಲಿನ ಸಮಸ್ಯೆಯೇ ಪ್ರಯೋಗದ ವಿಷಯವಾಗುತ್ತದೆ.

ರಾಯಚೂರು ಜಿಲ್ಲೆಗೆ ತನ್ನದೇ ಆದ ಸಮಸ್ಯೆಯಿದೆ. ಚಿನ್ನವಿರುವ ಶಿಲೆಯಲ್ಲಿ ಆರ್ಸೆನಿಕ್ ಬೆರೆತ ಖನಿಜವೂ ಇರುವುದು ಸಾಮಾನ್ಯ. ಲಿಂಗಸುಗೂರು ತಾಲೂಕಿನ ಹಟ್ಟಿ ಪರಿಸರದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದನ್ನು ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕೊಳವೆಬಾವಿಯ ನೀರನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸಿ ವರದಿಗಾಗಿ ಕಾಯದೆ ತಿಳಿಯುವ ಬಗೆ ಹಳ್ಳಿಯವರಿಗೆ ಬೇಕು. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2006ರ ಐಜೆಮ್‌ನಲ್ಲಿ ಕೈಗೆತ್ತಿಕೊಂಡದ್ದು ಇದನ್ನೇ. ಬಾಂಗ್ಲಾದೇಶದ ಬಾವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಆರ್ಸೆನಿಕ್ ಇದ್ದರೆ ನೀರಿನ ಆಮ್ಲೀಯತೆಯನ್ನು ಬದಲಿಸುವ ಬ್ಯಾಕ್ಟೀರಿಯಾವನ್ನು ಅವರು ವಿನ್ಯಾಸಗೊಳಿಸಿದರು. ಬಾಂಗ್ಲಾದೇಶಕ್ಕಾಗಿ ಸ್ಕಾಟ್ಲೆಂಡಿನವರು ಚಿಂತಿಸಿದರು. ಹಟ್ಟಿಗಾಗಿ ರಾಯಚೂರಿನವರು ಚಿಂತಿಸಲು ದೂರ ಹೋಗಬೇಕಾಗಿಲ್ಲ. ಜಿಲ್ಲಾ ಕೇಂದ್ರದಲ್ಲಿಯೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ.

ಇದು ಅಕ್ಕಿ ವ್ಯಾಪಾರಕ್ಕೂ ಸಂಬಂಧಿಸಿದ ಮಾತು. ನೀರು ನಿಂತ ಗದ್ದೆಯಲ್ಲಿ ಬೆಳೆಯುವ ಭತ್ತ ಇತರ ಧಾನ್ಯಗಳಿಗಿಂತ ಹೆಚ್ಚು ಆರ್ಸೆನಿಕ್ ಹೀರುತ್ತದೆ. ಐರೋಪ್ಯ ಒಕ್ಕೂಟ 2016ರಿಂದ ಅಕ್ಕಿಗೆ ಮಿತಿ ವಿಧಿಸಿ, 2023ರಲ್ಲಿ ಪಾಲಿಶ್ ಅಕ್ಕಿಯ ಮಿತಿಯನ್ನು ಕಿಲೋಗೆ 0.15 ಮಿಲಿಗ್ರಾಂಗೆ ಇಳಿಸಿದೆ. ಸಿಂಧನೂರಿನ ಭತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಬೆಳೆ. ಅದಕ್ಕೆ ಇಲ್ಲದ ಕಳಂಕ ಹಚ್ಚುವ ಅಗತ್ಯವಿಲ್ಲ. ಆದರೆ ಪರೀಕ್ಷಾ ವಿಧಾನ ಬಲ್ಲ ಯುವಕರು ಸಮೀಪದಲ್ಲಿರುವುದು ರಫ್ತಿನ ಕನಸು ಕಾಣುವ ಗಿರಣಿಗೆ ಬೇಡವಾದ ವಿಷಯವಲ್ಲ.

ಪ್ರಾಯೋಜಕರು ತಪ್ಪು ನಿರೀಕ್ಷೆ ಇಟ್ಟುಕೊಳ್ಳಬಾರದು. ವರ್ಷದೊಳಗೆ ಮಾರಾಟಕ್ಕೆ ಸಿದ್ಧವಾದ ಸರಕು ದೊರೆಯುವುದಿಲ್ಲ. ವಂಶವಾಹಿ ಮಾರ್ಪಡಿಸಿದ ಜೀವಿಗಳನ್ನು ಪ್ರಯೋಗಾಲಯದಿಂದ ಹೊರತರಲು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ರಚಿತವಾದ 1989ರ ನಿಯಮಗಳಂತೆ ಅನುಮತಿ ಬೇಕು. ಅದು ಬೇಗ ಬರುವಂಥದಲ್ಲ. ತಂಡ ತನ್ನ ಕೆಲಸವನ್ನೆಲ್ಲ ಜಾಲತಾಣದಲ್ಲಿ ಬಹಿರಂಗಪಡಿಸಬೇಕೆಂಬುದು ಸ್ಪರ್ಧೆಯ ಕಟ್ಟಳೆಯಾದ್ದರಿಂದ, ಗುಟ್ಟಾಗಿ ಪೇಟೆಂಟ್ ಪಡೆಯುವ ಆಸೆಯೂ ಸಲ್ಲದು.

ಇನ್ನು ಲೆಕ್ಕದ ಮಾತು. ವಿದ್ಯಾರ್ಥಿ ತಂಡಕ್ಕೆ ಕಾನೂನಿನಲ್ಲಿ ಸ್ವತಂತ್ರ ಅಸ್ತಿತ್ವವಿಲ್ಲ. ಇಂದಿನ ನಾಯಕ ಮುಂದಿನ ವರ್ಷ ಪದವಿ ಪಡೆದು ಹೊರಟುಹೋಗುತ್ತಾನೆ. ಆದ್ದರಿಂದ ಹಣ ಯಾವ ವಿದ್ಯಾರ್ಥಿಯ ಉಳಿತಾಯ ಖಾತೆಗೂ ಹೋಗಕೂಡದು. ವಿಶ್ವವಿದ್ಯಾಲಯದ ಹೆಸರಿಗೆ ಚೆಕ್ಕಿನಲ್ಲಿ ಕೊಟ್ಟು, ವರ್ಷಾಂತ್ಯಕ್ಕೆ ಬಳಕೆ ಪ್ರಮಾಣಪತ್ರ ಪಡೆಯಬೇಕು.

ಕೊಡುವುದು ದೇಣಿಗೆಯೋ ಪ್ರಾಯೋಜಕತ್ವವೋ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಎರಡರ ತೆರಿಗೆಯ ದಾರಿ ಬೇರೆ. ದೇಣಿಗೆಯಾದರೆ, ಸಂಸ್ಥೆಗೆ 80ಜಿ ಬಗೆಯ ಮಾನ್ಯತೆ ಇದ್ದು, ಕೊಡುವವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ ವಿನಾಯಿತಿ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದೂ ಇಲ್ಲ. ಫಲಕದಲ್ಲಿ 'ತಂದೆಯವರ ಸ್ಮರಣಾರ್ಥ' ಎಂದು ಹೆಸರು ಬರೆಸಿದ ಮಾತ್ರಕ್ಕೆ ಧರ್ಮಾರ್ಥ ಸಂಸ್ಥೆಗೆ ಕೊಟ್ಟ ದೇಣಿಗೆಯ ಮೇಲೆ ಜಿಎಸ್‌ಟಿ ಬೀಳುವುದಿಲ್ಲವೆಂದು 2019ರ ಅಕ್ಟೋಬರ್ 11ರ ಸುತ್ತೋಲೆ ಹೇಳಿದೆ. ಆದರೆ ತಂಡದ ಅಂಗಿಯ ಮೇಲೆ ಅಕ್ಕಿಯ ಬ್ರ್ಯಾಂಡಿನ ಚಿಹ್ನೆ ಮುದ್ರಿಸಿದರೆ ಅದು ಪ್ರಚಾರ, ಅಂದರೆ ಪ್ರಾಯೋಜಕತ್ವ. ಶೇಕಡಾ 18 ಜಿಎಸ್‌ಟಿ ಅನ್ವಯಿಸುತ್ತದೆ. ಕಂಪನಿಯೋ ಪಾಲುದಾರಿಕೆ ಸಂಸ್ಥೆಯೋ ಪ್ರಾಯೋಜಕನಾದಾಗ ಈ ತೆರಿಗೆಯನ್ನು ಪ್ರಾಯೋಜಕನೇ ನೇರವಾಗಿ ಕಟ್ಟಬೇಕಾಗಿತ್ತು. 2025ರ ಜನವರಿ 16ರಿಂದ, ಸೇವೆ ನೀಡುವ ಸಂಸ್ಥೆ ನಿಗಮಿತ ಸ್ವರೂಪದ್ದಾಗಿದ್ದರೆ ಆ ಸಂಸ್ಥೆಯೇ ವಿಧಿಸಿ ಕಟ್ಟಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಪ್ರಶ್ನೆಯನ್ನು ವಿಶ್ವವಿದ್ಯಾಲಯದ ಹಣಕಾಸು ವಿಭಾಗಕ್ಕೆ ಕೇಳಿ ಲಿಖಿತ ಉತ್ತರ ಪಡೆಯುವುದು ಲೇಸು. ತೆರಿಗೆ ತೆತ್ತರೂ, ವ್ಯಾಪಾರಕ್ಕಾಗಿಯೇ ಮಾಡಿದ ಪ್ರಚಾರದ ಖರ್ಚೆಂದು ದಾಖಲೆ ಸಮೇತ ತೋರಿಸಬಲ್ಲವರಿಗೆ ಪೂರ್ಣ ಮೊತ್ತ ಖರ್ಚಿನ ಬಾಬಿಗೆ ಸೇರುತ್ತದೆ. ಸಣ್ಣ ವರ್ತಕನಿಗೆ ಬಹುಪಾಲು ಎರಡನೆಯ ದಾರಿಯೇ ಹಿತಕರ. ಸಿಎಸ್‌ಆರ್ ಎಂಬುದು 5 ಕೋಟಿ ನಿವ್ವಳ ಲಾಭವೇ ಮೊದಲಾದ ಮಿತಿ ದಾಟಿದ ಕಂಪನಿಗಳ ಮಾತು. ಈ ಮೂರು ಊರುಗಳ ಹೆಚ್ಚಿನವರಿಗೆ ಅದರ ಗೊಡವೆಯಿಲ್ಲ.

ಹಣವೊಂದೇ ನೆರವಲ್ಲ. ಗಿರಣಿ ಯಂತ್ರಗಳನ್ನು ದುರಸ್ತಿ ಮಾಡುವ ಫ್ಯಾಬ್ರಿಕೇಷನ್ ಶೆಡ್ಡುಗಳು ಪರೀಕ್ಷಾ ಸಾಧನದ ಪೆಟ್ಟಿಗೆ ಮಾಡಿಕೊಡಬಲ್ಲವು. ಹಳ್ಳಿ ಹಳ್ಳಿಯ ರೈತರು ಬಂದುಹೋಗುವ ಗೊಬ್ಬರ, ಬೀಜದ ಅಂಗಡಿಗಳು ಕೊಳವೆಬಾವಿಗಳ ನೀರಿನ ಮಾದರಿ ಸಂಗ್ರಹಿಸಿಕೊಡಬಲ್ಲವು. ಈ ಸೌಲಭ್ಯ ಬೆಂಗಳೂರಿನ ತಂಡಕ್ಕೆ ಎಷ್ಟು ಹಣ ಕೊಟ್ಟರೂ ಸಿಗದು.

ಒಂದು ಕಷ್ಟದ ಷರತ್ತು ಉಳಿಯುತ್ತದೆ. ಪ್ರಾಯೋಜಕನ ಗಿರಣಿಯ ಪಕ್ಕದ ಕೊಳವೆಬಾವಿಯ ನೀರೇ ಕೆಟ್ಟಿದೆಯೆಂದು ವರದಿ ಬಂದರೆ ಗತಿಯೇನು? ಫಲಿತಾಂಶವನ್ನು ತಡೆಹಿಡಿಯುವ ಹಕ್ಕು ಪ್ರಾಯೋಜಕನಿಗಿಲ್ಲ ಎಂಬ ಸಾಲು ಒಪ್ಪಂದದಲ್ಲಿರಬೇಕು. ಅದನ್ನು ಒಪ್ಪಲಾರದವರು ಜಾತ್ರೆಯ ಪಟ್ಟಿಗೇ ಕೊಡುವುದು ಒಳ್ಳೆಯದು. ಒಪ್ಪುವವರು ಒಬ್ಬೊಬ್ಬರಾಗಿ ಸಣ್ಣ ಮೊತ್ತ ಕೊಡುವ ಬದಲು ಮೂರೂ ಊರುಗಳ ಹತ್ತಿಪ್ಪತ್ತು ಮಂದಿ ಕೂಡಿ ಒಂದೇ ಒಪ್ಪಂದ ಮಾಡಿಕೊಳ್ಳಬಹುದು. ಸ್ಪರ್ಧೆಯ ಸಮಾವೇಶ ನಡೆಯುವುದು ವರ್ಷದ ಕೊನೆಯ ಭಾಗದಲ್ಲಿ. ತಂಡ ಕಟ್ಟಿ ನೋಂದಾಯಿಸುವ ಕೆಲಸ ವರ್ಷದ ಆರಂಭದ ತಿಂಗಳುಗಳಲ್ಲಿಯೇ ಆಗಬೇಕು. ಮಾರ್ಚ್ 31ರ ಲೆಕ್ಕ ಮುಗಿಸುವ ಗಡಿಬಿಡಿಯೂ ಆಗಲೇ ಇರುವುದರಿಂದ, ವಿಶ್ವವಿದ್ಯಾಲಯದೊಂದಿಗಿನ ಮಾತುಕತೆ ದೀಪಾವಳಿಯ ಲಕ್ಷ್ಮೀಪೂಜೆಯ ಹೊತ್ತಿಗೆ ಆರಂಭವಾಗುವುದು ಅನುಕೂಲ.